ಇಳಿಯಬೇಕೋ, ಕೂರಬೇಕೋ: ನೆಲ ಮುಟ್ಟಿದ ವಿಮಾನಕ್ಕೆ ಬೆಂಕಿ ಬಿದ್ದಾಗ



ಬೇಲೂರಿನಲ್ಲಿ ದತ್ತಿ ಉಪನ್ಯಾಸವೆಂದರೆ ಶಿಲ್ಪ, ಶಾಸನ, ವಿಷ್ಣುವರ್ಧನ ಎಂದು ನಿರೀಕ್ಷಿಸುವುದು ಸಹಜ. ವಿಮಾನ ನಿಲ್ದಾಣವೇ ಇಲ್ಲದ ಊರಿನಲ್ಲಿ ವಿಮಾನದ ಬೆಂಕಿಯ ಮಾತೇಕೆ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಆದರೆ ಈ ಸಭಾಂಗಣದಲ್ಲಿ ಮಗನನ್ನೋ ಮಗಳನ್ನೋ ದುಬೈಗೆ, ಅಮೆರಿಕಕ್ಕೆ ಕಳಿಸಿದವರು, ಮೊಮ್ಮಗುವಿನ ಬಾಣಂತನಕ್ಕೆಂದು ತಾವೇ ಹೋಗಿಬಂದವರು ಎಷ್ಟು ಜನರಿಲ್ಲ! ಜನಸಾಮಾನ್ಯರನ್ನು ವಿಮಾನ ಹತ್ತಿಸಿದ ಕ್ಯಾಪ್ಟನ್ ಗೋಪಿನಾಥ್ ನಮ್ಮದೇ ಜಿಲ್ಲೆಯ ಗೊರೂರಿನವರು. ಅವರ ಏರ್ ಡೆಕ್ಕನ್ 2003ರ ಸೆಪ್ಟೆಂಬರಿನಲ್ಲಿ ಹೈದರಾಬಾದಿನಿಂದ ವಿಜಯವಾಡಕ್ಕೆ ಹಾರಿಸಬೇಕಿದ್ದ ಉದ್ಘಾಟನಾ ವಿಮಾನದಲ್ಲೇ, ವೆಂಕಯ್ಯ ನಾಯ್ಡು ಅವರಂಥ ಗಣ್ಯರು ಒಳಗೆ ಕೂತಿದ್ದಾಗಲೇ, ಎಂಜಿನ್‌ಗೆ ಬೆಂಕಿ ಹತ್ತಿತ್ತು. ವಿಮಾನ ಇನ್ನೂ ನೆಲದ ಮೇಲಿತ್ತು. ಎಲ್ಲರೂ ಇಳಿದು ಪಾರಾದರು.

ನಾನು ಪೈಲಟ್ ಅಲ್ಲ. ಅಪಘಾತಗಳ ತನಿಖಾ ವರದಿಗಳನ್ನು ಓದುವ ಚಟವಿರುವವನು. ಆ ಓದಿನಿಂದ ಒಂದೇ ಒಂದು ಪ್ರಶ್ನೆಯನ್ನು ಇವತ್ತು ನಿಮ್ಮ ಮುಂದಿಡುತ್ತೇನೆ. ವಿಮಾನ ನೆಲ ಮುಟ್ಟಿ ನಿಂತಿದೆ, ಹೊರಗೆಲ್ಲೋ ಬೆಂಕಿ ಕಾಣುತ್ತಿದೆ. ಜನರನ್ನು ತಕ್ಷಣ ಇಳಿಸಬೇಕೋ, ಕೂರಿಸಬೇಕೋ?

2024ರ ಮೇ 18ರ ರಾತ್ರಿ ಬೆಂಗಳೂರಿನಲ್ಲಿ ಈ ಪ್ರಶ್ನೆ ಎದುರಾಯಿತು. ಪುಣೆಯಿಂದ ಬಂದು ಕೊಚ್ಚಿಗೆ ಹೊರಟಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಏರಿದ ಸ್ವಲ್ಪ ಹೊತ್ತಿಗೆ ಎಂಜಿನ್‌ನಲ್ಲಿ ಜ್ವಾಲೆ ಕಂಡಿತು. ಕೆಂಪೇಗೌಡ ನಿಲ್ದಾಣದಲ್ಲಿ ಪೂರ್ಣ ಪ್ರಮಾಣದ ತುರ್ತುಸ್ಥಿತಿ ಸಾರಿದರು. ವಿಮಾನ ಹಿಂದಿರುಗಿ ರಾತ್ರಿ 11 ಗಂಟೆ 12 ನಿಮಿಷಕ್ಕೆ ಇಳಿಯಿತು. ಅಗ್ನಿಶಾಮಕ ದಳ ಬೆಂಕಿ ಆರಿಸಿತು. 179 ಪ್ರಯಾಣಿಕರು, 6 ಸಿಬ್ಬಂದಿ ತುರ್ತಾಗಿ ಹೊರಬಂದರು. ಮರುದಿನದ ಪತ್ರಿಕೆಗಳಲ್ಲಿ ಒಂದೆರಡು ಕಾಲಮ್ಮಿನ ಸುದ್ದಿ. ಯಾರೂ ಸಾಯದಿದ್ದರೆ ಸುದ್ದಿ ಅಷ್ಟೇ ಉದ್ದ ಇರುತ್ತದೆ. ಅಂದು ಇಳಿಸುವ ನಿರ್ಧಾರವಾಯಿತು, ಸರಿಯಾಗಿಯೇ ನಡೆಯಿತು.

ಹಾಗಾದರೆ ಬೆಂಕಿ ಕಂಡರೆ ಇಳಿಸಿಬಿಡುವುದೇ ಸರಿ ಅನ್ನಿಸುತ್ತದೆ. ಈ ಅನ್ನಿಸಿಕೆಗೆ ನೆಲದ ಮೇಲಿನ ಒಂದು ಉತ್ತರವಿದೆ. ಅರಸೀಕೆರೆ ಜಂಕ್ಷನ್ ಪಕ್ಕದಲ್ಲೇ ಇರುವ ನಿಮಗೆ ರೈಲಿನ ಮಾತು ಬೇಗ ತಲುಪೀತು. 2025ರ ಜನವರಿ 22ರಂದು ಮಹಾರಾಷ್ಟ್ರದ ಜಲಗಾಂವ್ ಜಿಲ್ಲೆಯಲ್ಲಿ ಪುಷ್ಪಕ್ ಎಕ್ಸ್‌ಪ್ರೆಸ್‌ನ ಒಂದು ಬೋಗಿಯಲ್ಲಿ ಬೆಂಕಿ ಎಂಬ ಗುಲ್ಲೆದ್ದಿತು. ಯಾರೋ ಚೈನ್ ಎಳೆದರು, ಗಾಡಿ ನಿಂತಿತು, ಜನ ಪಕ್ಕದ ಹಳಿಯ ಮೇಲೆ ಧುಮುಕಿದರು. ಆ ಹಳಿಯಲ್ಲಿ ಬೆಂಗಳೂರಿನಿಂದ ದೆಹಲಿಗೆ ಹೋಗುವ ನಮ್ಮ ಕರ್ನಾಟಕ ಎಕ್ಸ್‌ಪ್ರೆಸ್ ಬರುತ್ತಿತ್ತು. ಹತ್ತಕ್ಕೂ ಹೆಚ್ಚು ಜನ ಸತ್ತರು. ಬೋಗಿಯೊಳಗೆ ಬೆಂಕಿ ಇರಲೇ ಇಲ್ಲ.

ವಿಮಾನದಲ್ಲಿಯೂ ಹೊರಗಿನ ನೆಲ ಒಳಗಿನ ಸೀಟಿಗಿಂತ ಸುರಕ್ಷಿತ ಎಂಬ ಖಾತ್ರಿಯಿಲ್ಲ. ಎಂಜಿನ್ ಇನ್ನೂ ತಿರುಗುತ್ತಿರಬಹುದು. ಇಂಧನ ಸೋರಿ ರೆಕ್ಕೆಯ ಕೆಳಗೆ ಹರಡಿರಬಹುದು. ದೊಡ್ಡ ವಿಮಾನದ ಬಾಗಿಲು ನೆಲದಿಂದ ಸುಮಾರು 5 ಮೀಟರ್ ಎತ್ತರದಲ್ಲಿರುತ್ತದೆ. ಗಾಳಿ ತುಂಬಿದ ಜಾರುಬಂಡೆಯ ಮೇಲೆ ಮಂಡಿನೋವಿನ ಅಜ್ಜಿಯೂ ಮಗು ಹಿಡಿದ ತಾಯಿಯೂ ಒಬ್ಬರ ಮೇಲೊಬ್ಬರು ಬರುವಾಗ ಕಾಲು ಮುರಿಯುವುದು ಅಪರೂಪವಲ್ಲ. ಬೆಂಕಿ ಎಡಗಡೆ ಇದ್ದು ಬಾಗಿಲೂ ಎಡಗಡೆಯದೇ ತೆರೆದರೆ, ಬೆಂಕಿಗೆ ನಾವೇ ಒಳದಾರಿ ಕೊಟ್ಟಂತಾಗುತ್ತದೆ. ತೆರವೆಂದರೆ ಅದೂ ಒಂದು ಅಪಾಯವೇ. ದೊಡ್ಡ ಅಪಾಯದಿಂದ ತಪ್ಪಿಸಿಕೊಳ್ಳಲು ಎದುರಿಸುವ ಚಿಕ್ಕ ಅಪಾಯ.

ಇಳಿಸದೆ ಕೂರಿಸಿದ್ದಕ್ಕೆ ಸಿಂಗಪುರದ್ದು ಪ್ರಸಿದ್ಧ ಉದಾಹರಣೆ. 2016ರ ಜೂನ್ 27ರಂದು ಸಿಂಗಪುರ್ ಏರ್‌ಲೈನ್ಸ್‌ನ ಬೋಯಿಂಗ್ 777 ವಿಮಾನ ಮಿಲಾನ್‌ಗೆ ಹೊರಟು, ಬಲ ಎಂಜಿನ್‌ನ ಆಯಿಲ್ ಸಮಸ್ಯೆಯಿಂದ ದಾರಿ ಮಧ್ಯದಿಂದ ಹಿಂದಿರುಗಿ ಸಿಂಗಪುರದ ಚಾಂಗಿ ನಿಲ್ದಾಣದಲ್ಲಿ ಇಳಿಯಿತು. ಎಂಜಿನ್ ಒಳಗೆ ಬಿರುಕುಬಿಟ್ಟ ಒಂದು ನಳಿಗೆಯಿಂದ ಇಂಧನ ಸೋರಿತ್ತು. ಇಳಿದ ಕೂಡಲೇ ಬಲರೆಕ್ಕೆಗೆ ರೆಕ್ಕೆಯೇ ಧಗ್ಗೆಂದು ಹೊತ್ತಿಕೊಂಡಿತು. ಒಳಗೆ 241 ಜನ. ಕಿಟಕಿಯಿಂದ ಜ್ವಾಲೆ ನೋಡುತ್ತ ಕೂತವರ ಸ್ಥಿತಿಯನ್ನು ಊಹಿಸಿಕೊಳ್ಳಿ. ಆದರೆ ತೆರವಿನ ಆದೇಶ ಬರಲಿಲ್ಲ. ಅಗ್ನಿಶಾಮಕ ದಳ ಕ್ಷಣದಲ್ಲಿ ಬಂತು, ಕೆಲವೇ ನಿಮಿಷಗಳಲ್ಲಿ ಬೆಂಕಿ ಆರಿತು, ಜನ ಮೆಟ್ಟಿಲಿಳಿದು ಬಂದರು. ಯಾರಿಗೂ ಗಾಯವಿಲ್ಲ.

ಫಲ ಚೆನ್ನಾಯಿತಲ್ಲ, ಇನ್ನೇನು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ, ಸಿಂಗಪುರದ ತನಿಖಾಧಿಕಾರಿಗಳೂ ಒಪ್ಪಲಿಲ್ಲ. ಕ್ಯಾಪ್ಟನ್ ಕೂತ ಜಾಗದಿಂದ ಎಂಜಿನ್ ಕಾಣುವುದಿಲ್ಲ. ಬೆಂಕಿ ಎಷ್ಟು ದೊಡ್ಡದೆಂದು ಕೆಳಗೆ ನಿಂತ ಅಗ್ನಿಶಾಮಕ ಕಮಾಂಡರ್ ರೇಡಿಯೊದಲ್ಲಿ ಹೇಳಬೇಕು, ಹಿಂದೆ ಕಿಟಕಿಯ ಬಳಿಯಿರುವ ಗಗನಸಖಿ ಫೋನಿನಲ್ಲಿ ಹೇಳಬೇಕು. ಆ ವಿಮಾನದಲ್ಲಿ ನೆಲದ ಮೇಲೆ ಚಲಿಸುವಾಗ ಹೊರಗೆ ನೋಡಲು ಕ್ಯಾಮೆರಾ ಕೂಡ ಇತ್ತು. ಪೈಲಟ್‌ಗಳು ಅಗ್ನಿಶಾಮಕ ಕಮಾಂಡರ್‌ನ ಒಂದೇ ಮಾತನ್ನು ನೆಚ್ಚಿದರು, ಉಳಿದ ಕಣ್ಣುಗಳನ್ನು ಬಳಸಿಕೊಳ್ಳಲಿಲ್ಲ ಎಂದು ವರದಿ ಹೇಳಿತು. ಕೂರಿಸಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಕೂರಿಸುವ ತೀರ್ಮಾನವನ್ನು ಒಂದೇ ಕಿವಿಯಿಂದ ಕೇಳಿ ಮಾಡಿದ್ದು ತಪ್ಪು. ಗೆದ್ದ ನಿರ್ಧಾರಗಳನ್ನೂ ಹೀಗೆ ಬಿಚ್ಚಿ ನೋಡುವ ರೂಢಿ ನಮ್ಮಲ್ಲಿ ಕಡಿಮೆ. ಸೋತಾಗ ಮಾತ್ರ ಸಮಿತಿ ಕೂರುತ್ತದೆ.

ಇನ್ನೊಂದು ಬದಿಯನ್ನು ನೋಡಿ. 1980ರ ಆಗಸ್ಟ್ 19, ರಿಯಾದ್. ಕರಾಚಿಯಿಂದ ಬಂದು ಜೆಡ್ಡಾಕ್ಕೆ ಹೊರಟಿದ್ದ ಸೌದಿಯಾ ಸಂಸ್ಥೆಯ ಟ್ರೈಸ್ಟಾರ್ ವಿಮಾನ. ಏರಿದ ಕೆಲವೇ ನಿಮಿಷಗಳಲ್ಲಿ ಹಿಂಭಾಗದ ಸರಕು ಕೋಣೆಯಿಂದ ಹೊಗೆಯ ಎಚ್ಚರಿಕೆ. ವಿಮಾನವನ್ನು ಹಿಂದಿರುಗಿಸಿ ಸುಸೂತ್ರವಾಗಿ ಇಳಿಸಿದರು. ಅಲ್ಲಿಗೆ ಅರ್ಧ ಕಥೆ ಮುಗಿಯಬೇಕಿತ್ತು. ಆದರೆ ಕ್ಯಾಪ್ಟನ್ ರನ್‌ವೇ ಮೇಲೆ ಗಕ್ಕನೆ ನಿಲ್ಲಿಸಲಿಲ್ಲ; ಮಾಮೂಲಿ ಹಾರಾಟದಂತೆ ಟ್ಯಾಕ್ಸಿವೇ ಕಡೆಗೆ ತಿರುಗಿಸಿಕೊಂಡು ಹೋದರು. ನೆಲ ಮುಟ್ಟಿ 2 ನಿಮಿಷ 40 ಸೆಕೆಂಡಿನ ಮೇಲೆ ವಿಮಾನ ನಿಂತಿತು. ಎಂಜಿನ್‌ಗಳು ಮತ್ತೂ 3 ನಿಮಿಷಕ್ಕಿಂತ ಹೆಚ್ಚು ತಿರುಗುತ್ತಲೇ ಇದ್ದವು, ಹಾಗಾಗಿ ಕೆಳಗಿನವರು ಹತ್ತಿರ ಬರುವಂತಿರಲಿಲ್ಲ. ಜನರನ್ನು ಇಳಿಸಬೇಕೇ ಎಂದು ಸಿಬ್ಬಂದಿ ಆಕಾಶದಲ್ಲಿದ್ದಾಗಲೇ ಮತ್ತೆ ಮತ್ತೆ ಕೇಳಿದ್ದರು. ಇಳಿಯುವ ಹೊತ್ತಿಗೆ ಬೇಡ ಎಂಬ ಸೂಚನೆ ಹೋಗಿತ್ತು. ಎಂಜಿನ್ ನಿಂತ ಸುಮಾರು 23 ನಿಮಿಷಗಳ ನಂತರ ಹೊರಗಿನವರು ಒಂದು ಬಾಗಿಲು ತೆರೆದರು. 301 ಜನರಲ್ಲಿ ಒಬ್ಬರೂ ಉಳಿದಿರಲಿಲ್ಲ. ಅಪ್ಪಳಿಸಿ ಸತ್ತವರಲ್ಲ ಇವರು. ನಿಂತ ವಿಮಾನದೊಳಗೆ, ಮುಚ್ಚಿದ ಬಾಗಿಲ ಹಿಂದೆ ಸತ್ತವರು.

ರಿಯಾದ್‌ಗೂ ಚಾಂಗಿಗೂ ಏನು ವ್ಯತ್ಯಾಸ? ಚಾಂಗಿಯಲ್ಲಿ ಬೆಂಕಿ ಹೊರಗೆ, ಆರಿಸುವವರು ಪಕ್ಕದಲ್ಲೇ, ಒಳಗಿನ ಗಾಳಿ ಉಸಿರಾಡುವಂತಿತ್ತು. ರಿಯಾದ್‌ನಲ್ಲಿ ಬೆಂಕಿಯೇ ಒಳಗೆ. ಹೊಗೆ ಒಳಗೆ ಬಂದಿತೆಂದರೆ ಚರ್ಚೆ ಮುಗಿಯಿತು. ವಿಮಾನದೊಳಗಿನ ಪ್ಲಾಸ್ಟಿಕ್ಕು, ಫೋಮು ಉರಿದು ಏಳುವ ವಿಷದ ಹೊಗೆ ಜ್ವಾಲೆಗಿಂತ ಮೊದಲೇ ಕೊಲ್ಲುತ್ತದೆ. 1985ರ ಆಗಸ್ಟ್ 22ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಏರಲು ಓಡುತ್ತಿದ್ದ ಬ್ರಿಟಿಷ್ ಏರ್‌ಟೂರ್ಸ್ ವಿಮಾನದ ಎಡ ಎಂಜಿನ್ ಒಡೆಯಿತು. ಟೈರ್ ಸಿಡಿದಿರಬೇಕೆಂದು ಭಾವಿಸಿದ ಪೈಲಟ್‌ಗಳು ವಿಮಾನ ನಿಧಾನಿಸಿ, ರನ್‌ವೇ ಬಿಟ್ಟು ಬಲಕ್ಕೆ ತಿರುಗಿಸಿದರು. ಬೀಸುತ್ತಿದ್ದುದು ಸಣ್ಣ ಗಾಳಿ. ಆ ತಿರುವಿನಿಂದ ಅದೇ ಸಣ್ಣ ಗಾಳಿ ಜ್ವಾಲೆಯನ್ನು ತಂದು ವಿಮಾನದ ಮೈಗೆ ಒತ್ತಿತು. 137 ಜನರಲ್ಲಿ 55 ಮಂದಿ ಸತ್ತರು, ಹೆಚ್ಚಿನವರು ಹೊಗೆಯಿಂದ. ಯಾವ ಕಡೆಗೆ ಮುಖ ಮಾಡಿ ನಿಲ್ಲಿಸಬೇಕು ಎನ್ನುವುದೂ ತೆರವಿನ ನಿರ್ಧಾರದ ಭಾಗ ಎಂದು ಲೋಕಕ್ಕೆ ಗೊತ್ತಾದದ್ದು ಅಲ್ಲಿ. ಇವತ್ತು ನೀವು ನೋಡುವ ನೆಲದ ಸಾಲುದೀಪ, ಬೇಗ ಹೊತ್ತಿಕೊಳ್ಳದ ಸೀಟು, ತುರ್ತು ಬಾಗಿಲ ಬಳಿಯ ಅಗಲ ಜಾಗ ಇವೆಲ್ಲ ಬಳಕೆಗೆ ಬಂದದ್ದರಲ್ಲಿ ಆ ದುರಂತದ ಪಾಲು ದೊಡ್ಡದು.

ವಿಮಾನಕ್ಕೆ ಪರವಾನಗಿ ಸಿಗಬೇಕಾದರೆ ಅರ್ಧ ಬಾಗಿಲುಗಳನ್ನಷ್ಟೇ ಬಳಸಿ, ಕತ್ತಲಲ್ಲಿ, 90 ಸೆಕೆಂಡುಗಳಲ್ಲಿ ಎಲ್ಲರನ್ನೂ ಇಳಿಸಿ ತೋರಿಸಬೇಕು. ಈ ಪರೀಕ್ಷೆಗೆ ಬರುವವರು ಗಟ್ಟಿಮುಟ್ಟಾದ ಸ್ವಯಂಸೇವಕರು. ತಲೆಯ ಮೇಲಿನ ಕಪಾಟು ತೆರೆದು ಚೀಲ ಹುಡುಕುವವರು ಅವರಲ್ಲಿ ಇರುವುದಿಲ್ಲ. ನಿಜ ಜೀವನದಲ್ಲಿ ಇದ್ದೇ ಇರುತ್ತಾರೆ. 2016ರ ಆಗಸ್ಟ್ 3ರಂದು ತಿರುವನಂತಪುರದಿಂದ ಹೋದ ಎಮಿರೇಟ್ಸ್ ವಿಮಾನ ದುಬೈ ರನ್‌ವೇ ಮೇಲೆ ಹೊಟ್ಟೆಯೂರಿ ಜಾರಿ ಹೊತ್ತಿಕೊಂಡಿತು. 300 ಜನರಲ್ಲಿ ಹೆಚ್ಚಿನವರು ಭಾರತೀಯರು. ಒಳಗಿನ ವಿಡಿಯೊದಲ್ಲಿ ಜನ ಲ್ಯಾಪ್‌ಟಾಪ್, ಬ್ಯಾಗ್ ಎಂದು ಕಪಾಟಿಗೆ ಕೈ ಹಾಕುತ್ತಿದ್ದಾರೆ. ಹೊರಗೆ ಗಾಳಿಗೆ ಕೆಲವು ಜಾರುಬಂಡೆಗಳು ಎದ್ದು ನಿಂತು ಕೆಲಸಕ್ಕೆ ಬಾರದಾಗಿದ್ದವು. ಎಲ್ಲ ಪ್ರಯಾಣಿಕರೂ ಉಳಿದರು ನಿಜ, ಆದರೆ ಬೆಂಕಿ ಆರಿಸುತ್ತಿದ್ದ ಅಗ್ನಿಶಾಮಕ ಸಿಬ್ಬಂದಿಯೊಬ್ಬ ಇಂಧನ ಟ್ಯಾಂಕ್ ಸ್ಫೋಟದಲ್ಲಿ ಪ್ರಾಣ ಬಿಟ್ಟ. ಮದುವೆಗೆ ಕೊಂಡ ಚಿನ್ನ ಕೈಚೀಲದಲ್ಲಿದ್ದರೆ ಬಿಡಲು ಮನಸ್ಸು ಬರುವುದಿಲ್ಲ ಎಂಬುದು ನನಗೆ ಅರ್ಥವಾಗುತ್ತದೆ. ಹಿಂದಿನ ಸಾಲಿನಲ್ಲಿ ನಿಮಗಾಗಿ ಕಾಯುತ್ತ ನಿಂತವರಿಗೆ ಅದು ಅರ್ಥವಾಗಬೇಕಿಲ್ಲ.

ಟೋಕಿಯೊದ ಹನೇಡಾದಲ್ಲಿ 2024ರ ಜನವರಿ 2ರಂದು ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್‌ನ ಏರ್‌ಬಸ್ ರನ್‌ವೇ ಮೇಲಿದ್ದ ಕರಾವಳಿ ಕಾವಲು ಪಡೆಯ ವಿಮಾನಕ್ಕೆ ಬಡಿಯಿತು. ಆ ಚಿಕ್ಕ ವಿಮಾನದಲ್ಲಿದ್ದ ಆರು ಜನರಲ್ಲಿ ಐವರು ಸತ್ತರು. ದೊಡ್ಡ ವಿಮಾನದಲ್ಲಿದ್ದ 379 ಮಂದಿಯೂ ಬದುಕಿದರು. ಧ್ವನಿವರ್ಧಕ ಕೆಟ್ಟಿತ್ತು. ಎಂಟು ಬಾಗಿಲುಗಳಲ್ಲಿ ಮೂರನ್ನು ಮಾತ್ರ ತೆರೆದರು. ಉಳಿದವುಗಳ ಹೊರಗೆ ಬೆಂಕಿ. ಹಿಂಬದಿಯ ಎಡ ಬಾಗಿಲ ಬಳಿಯಿದ್ದ ಸಿಬ್ಬಂದಿಗೆ ಕಾಕ್‌ಪಿಟ್ ಸಂಪರ್ಕ ಸಿಗಲಿಲ್ಲ. ಹೊರಗೆ ನೋಡಿ, ತಾವೇ ತೀರ್ಮಾನಿಸಿ ತೆರೆದರು. ನಿಯಮವೂ ಹಾಗೇ ಇದೆ: ಆದೇಶ ಕ್ಯಾಪ್ಟನ್‌ನದು, ಆದರೆ ಕ್ಯಾಪ್ಟನ್ ದನಿ ಬರದೆ ಅಪಾಯ ಕಣ್ಣೆದುರೇ ಇದ್ದರೆ ಸಿಬ್ಬಂದಿ ಕಾಯಬೇಕಿಲ್ಲ. ಮೊದಲ ಕ್ಷಣಗಳಲ್ಲಿ ಪ್ರಯಾಣಿಕರು ಕೂತರು, ಹೇಳಿದಾಗ ಎದ್ದರು, ಚೀಲಗಳನ್ನು ಬಿಟ್ಟರು. ಆ ಶಿಸ್ತನ್ನು ಲೋಕವೆಲ್ಲ ಹೊಗಳಿತು. ನನಗೆ ಹೆಚ್ಚು ದೊಡ್ಡದಾಗಿ ಕಾಣುವುದು ಬಾಗಿಲು ತೆರೆಯುವ ಮೊದಲು ಹೊರಗೆ ನೋಡಿದ ಆ ಒಂದು ನೋಟ.

ನಮ್ಮ ನಾಡಿನ ಎರಡು ದೊಡ್ಡ ಅಪಘಾತಗಳಲ್ಲಿ ಈ ನಿರ್ಧಾರಕ್ಕೆ ಎಡೆಯೇ ಇರಲಿಲ್ಲ. 1990ರ ಫೆಬ್ರವರಿ 14ರಂದು ಬೆಂಗಳೂರಿನ ಹಳೆಯ ನಿಲ್ದಾಣದ ಬಳಿ ಗಾಲ್ಫ್ ಮೈದಾನಕ್ಕೆ ಬಿದ್ದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಹೊತ್ತಿ ಉರಿಯಿತು. 146 ಜನರಲ್ಲಿ 92 ಮಂದಿ ಸತ್ತರು, 54 ಮಂದಿ ಉಳಿದರು. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ವಿಮಾನ ಮಂಗಳೂರಿನ ಬಜ್ಪೆ ರನ್‌ವೇ ದಾಟಿ ಕಣಿವೆಗೆ ಉರುಳಿತು. 166 ಜನರಲ್ಲಿ ಉಳಿದವರು 8. ಒಡೆದ ವಿಮಾನದ ಸೀಳುಗಳ ಮೂಲಕ ತಾವೇ ಹೊರಬಿದ್ದವರು ಅವರು, ಯಾರ ಆದೇಶಕ್ಕೂ ಕಾದವರಲ್ಲ. ಸತ್ತವರಲ್ಲಿ ದಕ್ಷಿಣ ಕನ್ನಡ, ಕಾಸರಗೋಡಿನ ಮನೆಗಳವರು ಬಹಳ. ಅಲ್ಲಿ ತೆಗೆದುಕೊಳ್ಳಬೇಕಿದ್ದ ನಿರ್ಧಾರ ಬೇರೆ, ಅದೂ ನೆಲ ಮುಟ್ಟುವ ಮೊದಲು: ಇಳಿಯುವುದನ್ನು ಕೈಬಿಟ್ಟು ಮತ್ತೆ ಏರುವುದು. ಸಹಪೈಲಟ್ ಮೂರು ಸಲ ಅದನ್ನು ಹೇಳಿದ್ದರೂ ಕ್ಯಾಪ್ಟನ್ ಕೇಳಲಿಲ್ಲ ಎಂದು ತನಿಖೆ ತಿಳಿಸಿತು. ರಿಯಾದ್‌ನಲ್ಲಿ ಗಗನಸಖಿಯರ ಪ್ರಶ್ನೆ, ಮಂಗಳೂರಿನಲ್ಲಿ ಸಹಪೈಲಟ್‌ನ ಮಾತು, ಚಾಂಗಿಯಲ್ಲಿ ಯಾರೂ ತೆರೆಯದ ಕ್ಯಾಮೆರಾ. ಮಾಹಿತಿ ಇತ್ತು, ತೀರ್ಮಾನಿಸುವವರನ್ನು ಮುಟ್ಟಲಿಲ್ಲ.

ಪ್ರಯಾಣಿಕರ ಪಾಲಿನ ಕೆಲಸ ಚಿಕ್ಕದು. ಹತ್ತಿ ಕೂತಾಗ ಮುಂದಿನ ಮತ್ತು ಹಿಂದಿನ ತುರ್ತು ಬಾಗಿಲು ಎಷ್ಟನೆಯ ಸಾಲಿನಲ್ಲಿದೆ ಎಂದು ಎಣಿಸಿಕೊಳ್ಳಿ. ಹೊಗೆಯಲ್ಲಿ ಕಣ್ಣು ಕಾಣದಿದ್ದಾಗ ಕೈ ಎಣಿಸಬೇಕಾಗುತ್ತದೆ. ಕೂರಿ ಎಂದರೆ, ಕಿಟಕಿಯಲ್ಲಿ ಬೆಂಕಿ ಕಂಡರೂ ಕೂರಿ. ಕಂಡದ್ದನ್ನು ಸಿಬ್ಬಂದಿಗೆ ಹೇಳಿ. ಬಾಗಿಲನ್ನು ನೀವೇ ತೆಗೆಯಬೇಡಿ. ಹೊರಡಿ ಎಂದರೆ ಬರಿಗೈಯಲ್ಲಿ ಹೊರಡಿ.

ಇದೆಲ್ಲ ನಡೆಯಬೇಕಾದರೆ ಕೂರಿ, ಹೊರಡಿ ಎಂಬ ಮಾತು ಪ್ರಯಾಣಿಕರ ತಲೆಗೆ ಆ ಕ್ಷಣವೇ ಇಳಿಯಬೇಕು. ಗಾಬರಿಯಲ್ಲಿ ಮನುಷ್ಯನಿಗೆ ಅರ್ಥವಾಗುವುದು ತಾಯಿಭಾಷೆ. ಮೊದಲ ಸಲ ವಿಮಾನ ಹತ್ತಿದ ಹಳೇಬೀಡಿನ ರೈತನಿಗೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕೂಗಿದ ಆದೇಶ ಬರೀ ಗದ್ದಲವಾಗಿ ಕೇಳಿಸುತ್ತದೆ. ಅವನು ಪಕ್ಕದವನನ್ನು ನೋಡಿ ಓಡುತ್ತಾನೆ. ಹಲ್ಮಿಡಿ ಶಾಸನ ಸಿಕ್ಕ ತಾಲ್ಲೂಕಿನಲ್ಲಿ ನಿಂತು ಹೇಳುತ್ತಿದ್ದೇನೆಂದು ಇದನ್ನು ಭಾಷಾಭಿಮಾನದ ಮಾತೆಂದು ತಳ್ಳಿಹಾಕಬೇಡಿ. ನಾಮಫಲಕಗಳ ವಿಷಯದಲ್ಲಿ ದನಿ ಎತ್ತುವ ಕನ್ನಡ ಅಭಿವೃದ್ಧಿ ಪ್ರಾಧಿಕಾರ ಇದರ ಬಗ್ಗೆಯೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ಬರೆಯಲಿ: ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಶಿವಮೊಗ್ಗದಿಂದ ಹೊರಡುವ ಮತ್ತು ಅಲ್ಲಿಗೆ ಬರುವ ಪ್ರತಿ ವಿಮಾನದಲ್ಲೂ ಈ ಎರಡು ಆದೇಶಗಳನ್ನು ಕನ್ನಡದಲ್ಲಿ ಕೂಗಲು ಸಿಬ್ಬಂದಿಗೆ ಕಲಿಸಬೇಕು. ಹಾಸನದ ಬೂವನಹಳ್ಳಿಯ ನಿಲ್ದಾಣ ಮುಗಿದು ವಿಮಾನ ಇಳಿಯುವ ದಿನ ಬಂದರೆ ಅಲ್ಲಿಗೂ ಇದೇ ನಿಯಮವಿರಲಿ. ಈ ಸಭೆ ಒಪ್ಪುವುದಾದರೆ ಇಲ್ಲಿಂದಲೇ ಒಂದು ಮನವಿ ಹೋಗಲಿ. ಸಹಿ ಹಾಕುವವರಲ್ಲಿ ನಾನೂ ಒಬ್ಬ.