ಚೌಕಾಬಾರದ ಕವಡೆ ಮತ್ತು ಮೊಬೈಲ್



ಹಂಪಿಯ ಮಂಟಪಗಳ ಕಲ್ಲುನೆಲದಲ್ಲಿ ಕೊರೆದ ಆಟದ ಮನೆಗಳನ್ನು ನೀವೆಲ್ಲ ನೋಡಿದ್ದೀರಿ. ಹತ್ತನೇ ತರಗತಿಗೆ ಸಂಭವನೀಯತೆ ಕಲಿಸುವಾಗ ನನಗೆ ಅವೇ ನೆನಪಾದವು. ತರಗತಿಯ ನೆಲದ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ 25 ಮನೆ ಬರೆದೆವು. ನಾಲ್ಕು ಕವಡೆ ಹಾಕಿದರೆ 16 ಸಾಧ್ಯತೆ. ನಾಲ್ಕೂ ಮಗುಚಿ ಬಿದ್ದು ‘ಬಾರ’ ಆಗುವುದು 16ರಲ್ಲಿ ಒಂದು ಎಂದು ಹಲಗೆಯ ಮೇಲೆ ಬರೆದೆ.

“ಇಲ್ಲ ಸರ್, ನಮ್ಮವ್ವ ಆಡುವಾಗ ಹಂಗ ಬೀಳಲ್ರಿ” ಎಂದಳು ಹಿಂದಿನ ಬೆಂಚಿನ ಹುಡುಗಿ.

ನನ್ನ ಮೊಬೈಲನ್ನು ಆಕೆಯ ಗುಂಪಿಗೆ ಕೊಟ್ಟೆ. 200 ಸಲ ಕವಡೆ ಹಾಕಿ, ಬಿದ್ದದ್ದನ್ನೆಲ್ಲ ಅದರಲ್ಲಿ ದಾಖಲಿಸಿ, ಸ್ತಂಭಾಲೇಖ ಮಾಡಿ ತೋರಿಸಿದರು. ನನ್ನ ಉತ್ತರಕ್ಕೆ ಅದು ಹೊಂದಲಿಲ್ಲ. ನಾನು ಕವಡೆಯನ್ನು ನಾಣ್ಯವೆಂದುಕೊಂಡಿದ್ದೆ. ಕವಡೆಯ ಬೆನ್ನು ಉಬ್ಬು, ಬಾಯಿ ಚಪ್ಪಟೆ. ಎರಡೂ ಬದಿ ಸಮನಾಗಿ ಬೀಳಬೇಕೆಂದೇನಿಲ್ಲ. ಹಲಗೆಯ ಮೇಲಿನ ಉತ್ತರ ಅಳಿಸಿದೆ. ಅಂದು ಗಣಿತದ ಪಾಠವೇ ವಿಜ್ಞಾನದ ಪಾಠವೂ ಆಯಿತು: ಊಹಿಸು, ಪರೀಕ್ಷಿಸು, ತಪ್ಪಿದ್ದರೆ ತಿದ್ದಿಕೊ.

ಪೋಷಕರೇ, ದೀಕ್ಷಾ ಆ್ಯಪ್‌ನಲ್ಲಿ ಪಾಠಗಳಿವೆ. ಫೆಟ್ ಪ್ರಯೋಗಗಳು ಕನ್ನಡದಲ್ಲೂ ಇವೆ. ಆದರೆ ಎಷ್ಟೋ ಮನೆಗಳಲ್ಲಿ ಇರುವುದೊಂದೇ ಮೊಬೈಲ್. ಬೆಳಿಗ್ಗೆ ಅದು ಗದ್ದೆಗೆ ಹೋಗುತ್ತದೆ. ಆ ಹುಡುಗಿಯ ಮನೆಯಲ್ಲೂ ಹಾಗೆಯೇ. ಸಂಜೆ ಅರ್ಧ ಗಂಟೆ ಮಗಳಿಗೂ ಕೊಡಿ. ಪಕ್ಕದಲ್ಲಿ ಕೂತು, ಏನು ಕಲಿತೆ ಎಂದು ಕೇಳಿ. ಮೊಬೈಲ್ ಸಿಗದ ದಿನ ಕವಡೆ ಇದೆ, ನೆಲವಿದೆ.

ಶಿಕ್ಷಕ ಮಿತ್ರರೇ, ಶಾಲೆಗೆ ಐವತ್ತು ತುಂಬಿದೆ. ಮುಂದೆ ಯಾವ ಸಾಧನ ಬಂದರೂ ಸರಿ, “ಇಲ್ಲ ಸರ್” ಎನ್ನುವ ಮಗುವನ್ನು ಸುಮ್ಮನೆ ಕೂರಿಸದಿರೋಣ.