ಕಾಡಿನ ಮಕ್ಕಳೂ ಪಾಠಶಾಲೆಯ ಶಿಸ್ತೂ



ನಿಲ್ಕುಂದವು ಸಿದ್ದಾಪುರ ತಾಲೂಕಿನಲ್ಲಿ ಸಹ್ಯಾದ್ರಿಯ ಕಾಡಿಗೆ ಹತ್ತಿಕೊಂಡಿರುವ ಊರು. ಇಲ್ಲಿಂದ ಶಿರಸಿ, ಯಲ್ಲಾಪುರಗಳ ವರೆಗಿನ ಸೀಮೆಯಲ್ಲಿ ಒಂದೇ ಶಾಲೆಯ ಒಂದೇ ಕೋಣೆಯೊಳಗೆ ಅಡಿಕೆ ತೋಟದ ಮನೆಯ ಮಗುವೂ, ದೀವರ ಮಗುವೂ, ಕರೆ ಒಕ್ಕಲಿಗರ ಮಗುವೂ, ಕೆಲವೆಡೆ ಸಿದ್ದಿ, ಗೌಳಿ, ಕುಣಬಿ ಮಕ್ಕಳೂ ಕೂಡಿ ಕುಳಿತಿರುವದುಂಟು. ಪುಸ್ತಕವು ಮಾತ್ರ ಎಲ್ಲರಿಗೂ ಒಂದೇ. ಆ ಪುಸ್ತಕದಲ್ಲಿ ತನ್ನ ಮನೆಯ ಒಂದು ಮಾತನ್ನೂ ಕಾಣದ ಮಗುವು ಮೆಲ್ಲನೆ ಹಿಂದಿನ ಸಾಲಿಗೆ ಸರಿಯುತ್ತದೆ. ಕೆಲವು ದಿನ ಮೂಕನಂತೆ ಕುಳಿತಿರುತ್ತದೆ, ಕೆಲವು ದಿನ ನೆರೆಯವನನ್ನು ಚಿವುಟುತ್ತದೆ, ಕಡೆಗೊಂದು ದಿನ ಬರುವದನ್ನೇ ಬಿಡುತ್ತದೆ. ಮಾಸ್ತರರು ಹಾಜರಿ ಪುಸ್ತಕದಲ್ಲಿ ಗುರುತು ಹಾಕಿ, ಹುಡುಗನು ಉಡಾಳನೆಂದು ತೀರ್ಮಾನಿಸಿಬಿಡುತ್ತಾರೆ. ಇಂದು ವಿಚಾರಿಸಬೇಕಾದದ್ದು ಆ ತೀರ್ಮಾನವನ್ನೇ.

ಹಿಂದಿನ ಕೂಲಿಮಠಗಳಲ್ಲಿ ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿಸುತ್ತಿದ್ದರು. ತಪ್ಪಿದವನಿಗೆ ಬೆತ್ತವಿತ್ತು, ಕೋದಂಡವಿತ್ತು. ತೊಲೆಯಿಂದ ಇಳಿಬಿಟ್ಟ ಹಗ್ಗಕ್ಕೆ ಬಾಲಕನು ಜೋತಾಡಬೇಕಾಗಿತ್ತು. ಆ ಶಾಲೆಗಳ ಬಾಯಿಪಾಠದ ಬಲವನ್ನು ಕೊಂಡಾಡುವವರು ಈ ಹಗ್ಗವನ್ನೂ ನೆನೆಯುವದು ನ್ಯಾಯ. ಏಟು ತಿಂದು ಓದಿ ಮೇಲೆ ಬಂದವರು ತಮ್ಮ ಕಥೆಯನ್ನು ಹೇಳಿಕೊಳ್ಳಲು ಉಳಿದರು. ಏಟಿಗಂಜಿ ಕಾಡು ಹೊಕ್ಕವರ ಕಥೆಯನ್ನು ಬರೆದಿಟ್ಟವರಾರು? 2009ರ ಶಿಕ್ಷಣ ಹಕ್ಕಿನ ಕಾಯಿದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದು, ತನ್ನ 17ನೆಯ ಕಲಮಿನಲ್ಲಿ ದೇಹದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಕೈಯ ಬೆತ್ತವನ್ನು ಕಾಯಿದೆಯು ಕಸಿದುಕೊಳ್ಳಬಲ್ಲುದು. ಕೂದಲಿನ ಗುಂಗುರನ್ನೂ ಮಾತಿನ ಎಳೆತವನ್ನೂ ಆಡಿಕೊಳ್ಳುವ ನಾಲಿಗೆಯ ಬೆತ್ತವನ್ನು ಕಸಿಯುವದು ಅಷ್ಟು ಸುಲಭವಲ್ಲ.

ಸಿದ್ದಿಗಳ ಸಂಗತಿಯನ್ನೇ ನೋಡಿರಿ. ಪೋರ್ತುಗೀಜರ ಕಾಲದಲ್ಲಿ ಆಫ್ರಿಕೆಯಿಂದ ಗೋವೆಗೆ ಗುಲಾಮರಾಗಿ ಬಂದು, ದಾಸ್ಯವನ್ನು ಹರಿದೊಗೆದು ಘಟ್ಟದ ಕಾಡು ಸೇರಿದವರು ಇವರಲ್ಲಿ ಬಹುಮಂದಿಯ ಪೂರ್ವಜರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡವೆಂದು ಗಣಿಸಲ್ಪಟ್ಟದ್ದು 2003ರಲ್ಲಿ. ಆ ಸಮಾಜದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು 2020ರಲ್ಲಿ. ಇವರಲ್ಲಿ ಅನೇಕರ ಮನೆಮಾತು ಕೊಂಕಣಿಯ ಒಂದು ಬಗೆ. ಗ್ರಂಥದ ಕನ್ನಡದಲ್ಲಿ ಪ್ರಶ್ನೆ ಕೇಳಿದೊಡನೆ ಅಂತಹ ಮನೆಯ ಬಾಲಕನು ಸುಮ್ಮನಿದ್ದರೆ ಅದು ಉದ್ಧಟತನವಲ್ಲ. ಅವನೊಳಗೆ ಭಾಷಾಂತರ ನಡೆದಿರುತ್ತದೆ. ಅರ್ಧ ನಿಮಿಷ ಕಾಯುವ ಸಹನೆಯುಳ್ಳ ಮಾಸ್ತರರಿಗೆ ಉತ್ತರ ದೊರೆಯುತ್ತದೆ. ಆದರೆ ನಡೆಯುವದೇನು? ವಾರ್ಷಿಕೋತ್ಸವದ ದಿನ ಅದೇ ಹುಡುಗನ ಕೈಗೆ ಡಮಾಮಿ ಕೊಟ್ಟು, ಎಲೆ ಉಡಿಸಿ, ಅತಿಥಿಗಳ ಮುಂದೆ ಕುಣಿಸುತ್ತಾರೆ. ಮರುದಿನ ತರಗತಿಯಲ್ಲಿ ಅವನು ಮತ್ತೆ ದಡ್ಡನು. ಇದು ಗೌರವವಲ್ಲ, ತಮಾಷೆ.

ಗೌರವವು ಪಾಠದೊಳಗೆ ಬರಬೇಕು. ಪುಸ್ತಕದಲ್ಲಿ ಜೇನು ಎಂಬುದು ಒಂದೇ. ಕಾಡಿನ ಅಂಚಿನ ಮಗುವಿಗೆ ಮಿಸರಿ ಬೇರೆ, ಕೋಲ್ಜೇನು ಬೇರೆ, ತುಡುವೆ ಬೇರೆ, ಹೆಜ್ಜೇನು ಬೇರೆ. ಯಾವುದು ಪೊಟರೆಯಲ್ಲಿ, ಯಾವುದು ಎತ್ತರದ ಕೊಂಬೆಯಲ್ಲಿ, ಯಾವುದಕ್ಕೆ ಮುಳ್ಳಿಲ್ಲವೆಂಬುದನ್ನು ಅವನು ಕೈ ಸುಟ್ಟುಕೊಂಡು ಕಲಿತಿರುತ್ತಾನೆ. ಹಾಗೆಯೇ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರ. ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿಯ ಬಿಳುಪು, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಅಳತೆಪಟ್ಟಿಯಿಲ್ಲದೆ ಎಳೆದ ಸಮಾನಾಂತರ ರೇಖೆಗಳು ಮೂಲೆಯಿಂದ ಮೂಲೆಗೆ ತಪ್ಪದೆ ಕೂಡುತ್ತವೆ. ಭೂಮಿತಿಯ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ? ಶರಣರಾದರೂ ತಮ್ಮ ಅನುಭಾವವನ್ನು ನುಡಿಯಲು ಪರರ ಉಪಮೆಗಳನ್ನು ಸಾಲ ತಂದವರಲ್ಲ. ಅಂಬಿಗರ ಚೌಡಯ್ಯನು ದೋಣಿಯ ಮಾತಿನಲ್ಲಿಯೇ ಆಡಿದನು.

ಇಲ್ಲಿ ಎರಡು ಎಚ್ಚರಿಕೆಗಳು ಬೇಕು. ಒಂದು ಮಗುವನ್ನು ಎಬ್ಬಿಸಿ ನಿಲ್ಲಿಸಿ, "ನಿಮ್ಮ ಜನರ ಪದ್ಧತಿ ಹೇಳು" ಎನ್ನುವದು ಬೇರೊಂದು ಬಗೆಯ ಕೋದಂಡ. ಕೇಳುವದಾದರೆ ಎಲ್ಲ ಮನೆಗಳ ಪದ್ಧತಿಯನ್ನೂ ಕೇಳಬೇಕು. ಮತ್ತು ಹೊಡೆಯುವ ಹುಡುಗನನ್ನು, ಅವನು ಯಾರ ಮಗನೇ ಆಗಲಿ, ತಡೆಯಲೇಬೇಕು. ಕರುಣೆಯ ಹೆಸರಿನಲ್ಲಿ ಅವನನ್ನು ಲೆಕ್ಕದಿಂದ ಬಿಟ್ಟುಬಿಡುವದೂ ತಿರಸ್ಕಾರವೇ. ಪಕ್ಕಕ್ಕೆ ಕರೆದು, ನಾಲ್ವರ ಮುಂದೆ ಮಾನ ಕಳೆಯದೆ, ಹೊಡೆದವನಿಂದಲೇ ಪೆಟ್ಟು ತಿಂದವನ ಸಮಾಧಾನ ಮಾಡಿಸುವದು ನಿಧಾನದ ಮಾರ್ಗ. ಆದರೆ ಹುಡುಗನು ಶಾಲೆಯಲ್ಲಿ ಉಳಿಯುತ್ತಾನೆ.

ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದ ಅಗಲಿಸಿ, ಮನೆಮಾತನ್ನು ಆಡಿದುದಕ್ಕೆ ದಂಡಿಸಿ ಶಿಸ್ತು ಕಲಿಸಹೊರಟ ಕೆನಡಾ ದೇಶದ ಸರಕಾರವು 2008ರಲ್ಲಿ ತನ್ನ ಲೋಕಸಭೆಯಲ್ಲಿ ಕ್ಷಮೆ ಬೇಡಬೇಕಾಯಿತು. ಅಷ್ಟು ದೂರದ ಮಾತು ಏಕೆಂದು ಕೇಳುವವರು ಹತ್ತಿರದ ಮಂಗನ ಕಾಯಿಲೆಯನ್ನು ನೆನೆಯಲಿ. ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಈ ಜ್ವರವು ಉಣುಗಿನ ಕಡಿತದಿಂದ ಹತ್ತುವದು. ಈಚಿನ ವರುಷಗಳಲ್ಲಿ ಸಿದ್ದಾಪುರ ತಾಲೂಕಿನಲ್ಲಿಯೂ ಪ್ರಾಣಗಳನ್ನು ತೆಗೆದುಕೊಂಡಿದೆ. ಕಾಡಿನಲ್ಲಿ ಮಂಗವು ಸತ್ತು ಬಿದ್ದುದನ್ನು ಮೊದಲು ಕಾಣುವವನು ದನ ಕಾಯಲು ಹೋದ ಹುಡುಗನು, ಹಾಜರಿ ಪುಸ್ತಕದಲ್ಲಿ ಗೈರಾದ ಅದೇ ಹುಡುಗನು. ಮಾಸ್ತರರಿಗೆ ಹೇಳಿದರೆ ಬೈಗುಳ ತಪ್ಪದೆಂದು ಅವನು ಬಾಯಿ ಮುಚ್ಚಿಕೊಂಡರೆ ಆರೋಗ್ಯ ಕೇಂದ್ರಕ್ಕೆ ಸುದ್ದಿ ತಡವಾಗಿ ಮುಟ್ಟುವದು. ಅವನು ಧೈರ್ಯವಾಗಿ ಹೇಳುವಂತಿದ್ದರೆ, ಉಣುಗಿನ ವಿಷಯವಾಗಿ ಶಾಸ್ತ್ರವು ಕಂಡುಕೊಂಡುದನ್ನು ಮಾಸ್ತರರು ಅವನಿಗೆ ತಿಳಿಸಬಹುದು. ಅವನ ಮೂಲಕ ಅದು ಕೇರಿಯ ಮನೆಗಳಿಗೂ ಹೋಗುವದು.

ಪ್ರಾರಂಭಕ್ಕೆ ದೊಡ್ಡ ಯೋಜನೆಯೇನೂ ಬೇಡ. ಆಶ್ವೀಜದ ಭೂಮಿ ಹುಣ್ಣಿಮೆಗೆ ಮುಂಚೆ ದೀವರ ಮನೆಗಳಲ್ಲಿ ಬುಟ್ಟಿಗೆ ಚಿತ್ತಾರ ಬರೆಯುವ ಕೆಲಸ ಸಾಗಿರುತ್ತದೆ. ಆ ವಾರದಲ್ಲಿ ಶಾಲೆಯ ಒಂದು ಗೋಡೆಗೆ ಕೆಮ್ಮಣ್ಣು ಸಾರಿಸಿ, ಕೇರಿಯ ಅಜ್ಜಿಯೊಬ್ಬಳನ್ನು ಕುರ್ಚಿ ಕೊಟ್ಟು ಬರಮಾಡಿಕೊಂಡರೆ ಆಯಿತು. ಪುಂಡಿ ನಾರಿನ ಕುಂಚವನ್ನು ಅವಳೇ ತರುತ್ತಾಳೆ.