ಸಜ್ಜಾದ ಅಡಿಯ ಗೀರು
(ಸುವರ್ಣ ಮಹೋತ್ಸವದ ದಿನ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣ)



ಯಲಹಂಕದ ಈ ಶಾಲೆಯಲ್ಲಿ ನಾನು ಕೊನೆಯ ಬೆಂಚಿನವನು. ಮಾತು ನನಗೆ ಬರುವುದಿಲ್ಲ, ಗೆರೆ ಎಳೆಯುವುದು ಬರುತ್ತದೆ. ಅದನ್ನು ಮೊದಲು ಕಂಡುಹಿಡಿದವರು ನಮ್ಮ ಡ್ರಾಯಿಂಗ್ ಮೇಷ್ಟ್ರು. ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐಯಲ್ಲಿ ಎರಡು ವರ್ಷ ಡ್ರಾಫ್ಟ್ಸ್‌ಮನ್ ಸಿವಿಲ್ ಓದಿದೆ. ಆಮೇಲೆ ಆರ್.ಟಿ. ನಗರದಲ್ಲಿ ಒಂದು ಕಂಪ್ಯೂಟರ್ ತರಬೇತಿಗೆ ಸೇರಿ ಆಟೋಕ್ಯಾಡ್ ಕಲಿತೆ. ಈಗ ಹೆಬ್ಬಾಳದ ಕಡೆ ಒಂದು ಕಚೇರಿಯಲ್ಲಿ ಕೆಲಸ. ಏನು ಕೆಲಸ ಎಂದು ಕೇಳಿದವರಿಗೆಲ್ಲ 'ಕಂಪ್ಯೂಟರ್' ಅಂದುಬಿಡುತ್ತೇನೆ. ಇವತ್ತು ಮಕ್ಕಳಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆಟೋಕ್ಯಾಡ್ ಬಂದದ್ದು 1982ರಲ್ಲಿ. ಅದರಲ್ಲಿ ಕಟ್ಟಡ ಅಂದರೆ ಬರೀ ಗೆರೆ. ಗೋಡೆಯೂ ಗೆರೆ, ಗಾಜೂ ಗೆರೆ. 2000ದಲ್ಲಿ ರೆವಿಟ್ ಎಂಬ ತಂತ್ರಾಂಶ ಬಂತು. ಇಲ್ಲಿ ಗೋಡೆ ಎಂದರೆ ಗೋಡೆಯೇ. ಅದರ ದಪ್ಪ, ಎತ್ತರ, ಒಳಗಿನ ಬ್ಲಾಕು ಎಲ್ಲ ಅದಕ್ಕೆ ಗೊತ್ತಿರುತ್ತದೆ. ಆದರೆ ಕಚೇರಿಗಳಲ್ಲಿ ಹತ್ತಾರು ವರ್ಷ ಬಿಡಿಸಿಟ್ಟ ಹಳೆಯ ಡೀಟೇಲ್‌ಗಳು ರಾಶಿ ಬಿದ್ದಿವೆ: ಕಿಟಕಿಯ ಸಜ್ಜಾ, ಮೆಟ್ಟಿಲು, ಪ್ಯಾರಪೆಟ್ಟು, ಬಚ್ಚಲಿನ ನೆಲ. ಅವನ್ನು ಹೊಸದರೊಳಗೆ ತಂದು, ಇಟ್ಟಿಗೆಯ ಅಚ್ಚಿನ ಹಾಗೆ ಎಲ್ಲ ಕಟ್ಟಡಕ್ಕೂ ಮತ್ತೆ ಮತ್ತೆ ಬಳಸುವಂತೆ ಮಾಡಬೇಕು. ಅದೇ ನನ್ನ ಕೆಲಸ.

ಮೊದಲ ಸಲ ಈ ಕೆಲಸ ಕೊಟ್ಟಾಗ ನಲವತ್ತು ಡೀಟೇಲು, ಒಂದು ವಾರ. ನಾನು ಸುಲಭದ ದಾರಿ ಹಿಡಿದೆ. ಹಳೆಯ ಫೈಲನ್ನು ಇಂಪೋರ್ಟ್ ಮಾಡುವುದು, 'ಎಕ್ಸ್‌ಪ್ಲೋಡ್' ಒತ್ತುವುದು. ಇಡೀ ಚಿತ್ರ ಬಿಡಿಬಿಡಿ ಗೆರೆಯಾಗಿ ಒಡೆಯುತ್ತದೆ. ಅದನ್ನೇ ಹೆಸರು ಕೊಟ್ಟು ಸೇವ್ ಮಾಡುವುದು. ರೆವಿಟ್‌ಗೆ ಒಂದು ಗುಣ ಇದೆ. ಒಂದು ಇಂಚಿನ ಮೂವತ್ತೆರಡನೇ ಒಂದು ಭಾಗ, ಅಂದರೆ ಸುಮಾರು 0.8 ಮಿಲಿಮೀಟರ್‌ಗಿಂತ ಚಿಕ್ಕ ಗೆರೆಯನ್ನು ಅದು ಇಟ್ಟುಕೊಳ್ಳುವುದಿಲ್ಲ. ಕೆಲವು ಗೆರೆ ಬಿಟ್ಟುಹೋಗಿವೆ ಎಂದು ಪರದೆಯ ಮೇಲೆ ಹೇಳುತ್ತದೆ. ಅದು ಹೇಳಿತು, ನಾನು ಓಕೆ ಒತ್ತಿದೆ.

ಸಜ್ಜಾದ ಡೀಟೇಲಿನಲ್ಲಿ, ಅಡಿಭಾಗದಲ್ಲಿ, ತುದಿಯ ಹತ್ತಿರ ಒಂದು ಸಣ್ಣ ಸಂದು ಕಾಣಿಸಿತು. ಹಳೆಯ ಚಿತ್ರದಲ್ಲಿ ಅಲ್ಲೊಂದು ಅರ್ಧವೃತ್ತ ಇತ್ತು, ಇಪ್ಪತ್ತು ಚೂರು ಗೆರೆಗಳಲ್ಲಿ ಬಿಡಿಸಿದ್ದು. ಆ ಚೂರುಗಳೆಲ್ಲ ಉದುರಿಹೋಗಿದ್ದವು. ಗೆರೆ ಕೂಡಿಲ್ಲವಲ್ಲ ಎಂದು ನಾನೇ ನೆಟ್ಟಗೆ ಒಂದು ಗೆರೆ ಎಳೆದು ಸಂದು ಮುಚ್ಚಿದೆ. ನೋಡಲು ಇನ್ನೂ ಅಚ್ಚುಕಟ್ಟಾಗಿತ್ತು! ಅಚ್ಚು ಒಂದು ಸಲ ಆಯಿತೆಂದರೆ ಮುಗಿಯಿತು. ಮೂರು ಕಟ್ಟಡಗಳ ಎಲ್ಲ ಕಿಟಕಿಗೂ ಅದೇ ಹೋಯಿತು.

ಮರುವರ್ಷದ ಮಳೆಗೆ ಫೋಟೋಗಳು ಬಂದವು. ಕಿಟಕಿಯ ಮೇಲೆ ಒಳಗೋಡೆಯೆಲ್ಲ ಬೂಷ್ಟು, ಬಣ್ಣ ಹಪ್ಪಳದ ಹಾಗೆ ಎದ್ದಿತ್ತು. ಗಾರೆ ಕೆಲಸ ಸರಿಯಿಲ್ಲ ಎಂದು ಮೇಸ್ತ್ರಿಯ ಬಿಲ್ಲಿನಲ್ಲಿ ದುಡ್ಡು ಹಿಡಿದರು. ರಾತ್ರಿ ಊಟಕ್ಕೆ ಕೂತಾಗ ಆ ಫೋಟೋ ನಮ್ಮ ಅಪ್ಪನಿಗೆ ತೋರಿಸಿದೆ. ಅಪ್ಪ ಗಾರೆ ಮೇಸ್ತ್ರಿ. ಯಲಹಂಕದಲ್ಲಿ ಅವರು ಗಾರೆ ಮಾಡಿದ ಮನೆಗಳು ಇನ್ನೂ ಇವೆ. ಫೋಟೋವನ್ನು ಒಂದು ಕ್ಷಣ ನೋಡಿ, "ಗೀರೆಲ್ಲೋ?" ಅಂದರು.

"ಯಾವ ಗೀರಪ್ಪ?"

"ಸಜ್ಜಾದ ಅಡಿಗೆ. ನೀರು ಸುಮ್ಮನೆ ಕೆಳಕ್ಕೆ ಬೀಳುತ್ತೆ ಅಂದ್ಕೊಂಡ್ಯಾ? ಅಡಿಗೆ ಅಂಟ್ಕೊಂಡು ಗೋಡೆವರೆಗೂ ನಡ್ಕೊಂಡು ಬರುತ್ತೆ. ಗೀರು ಸಿಕ್ಕಿದ್ರೆ ದಾಟೋಕಾಗ್ದೆ ಅಲ್ಲೇ ತೊಟ್ಟಿಕ್ಕುತ್ತೆ."

ಗಾರೆ ಹಸಿ ಇರುವಾಗ 8 ಎಂ.ಎಂ. ಕಂಬಿ ಒತ್ತಿ ತೆಗೆದರೆ ಆ ಗೀರು ಆಗುತ್ತದೆ. ಡ್ರಿಪ್ ಗ್ರೂವ್ ಎಂದು ನಾನು ಐಟಿಐಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ನಾನು ಅಳಿಸಿದ ಅರ್ಧವೃತ್ತ ಅದೇ ಎಂದು ಮಾತ್ರ ಹೊಳೆದಿರಲಿಲ್ಲ.

ಅವತ್ತು ನನಗೆ ನಿದ್ದೆ ಬರಲಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬೆಳಿಗ್ಗೆ ಸೈಟಿಗೆ ಹೋಗಿ ಆ ಮೇಸ್ತ್ರಿಯನ್ನು ಕಂಡೆ. ಅವರು ಹೇಳಿದ್ದಿಷ್ಟು: "ನಾನು ಕೇಳ್ದೆ ಸಾರ್, ಗೀರು ಬೇಡ್ವಾ ಅಂತ. ಡ್ರಾಯಿಂಗ್‌ನಲ್ಲಿ ಇದ್ದ ಹಾಗೆ ಮಾಡು ಅಂದ್ರು." ಮಡಚಿ ಮಡಚಿ ಹರಿದಿದ್ದ ಆ ಹಾಳೆಯನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದರು. ಅದನ್ನು ಈಸಿಕೊಂಡು ಕಚೇರಿಗೆ ಹೋಗಿ, ತಪ್ಪು ಗೆರೆ ನನ್ನದು ಎಂದೆ. ಬೈಸಿಕೊಂಡೆ, ಆ ವರ್ಷ ಸಂಬಳ ಏರಲಿಲ್ಲ. ಮೇಸ್ತ್ರಿಯ ದುಡ್ಡು ಬಂತು, ಆದರೆ ಮೂರು ತಿಂಗಳು ತಡವಾಗಿ. ಅಷ್ಟರಲ್ಲಿ ಅವರು ಸಾಲ ಮಾಡಿ ಮಗಳ ಫೀಸು ಕಟ್ಟಿದ್ದರು.

ಈಗ ನಾನು ಎಕ್ಸ್‌ಪ್ಲೋಡ್ ಮಾಡುವುದಿಲ್ಲ. ಮಾಡಿದರೆ ಹಳೆಯ ಲೇಯರುಗಳೆಲ್ಲ ಹೊಸ ಫೈಲಿನಲ್ಲಿ ಕಸವಾಗಿ ಉಳಿಯುತ್ತವೆ, ಅದು ಬೇರೆ ತಲೆನೋವು. ಮೊದಲು ಹಳೆಯ ಚಿತ್ರದ ಅಳತೆ ಇಂಚಿನದೋ ಮಿಲಿಮೀಟರಿನದೋ ನೋಡುತ್ತೇನೆ. ಎಡವಿದರೆ ಕಿಟಕಿ ಇಪ್ಪತ್ತೈದು ಪಟ್ಟು ಬೆಳೆಯುತ್ತದೆ. ಆಮೇಲೆ ಖಾಲಿ ಡೀಟೇಲ್ ಫ್ಯಾಮಿಲಿಯೊಂದನ್ನು ತೆರೆದು, ಅದರಲ್ಲಿ ಹಳೆಯ ಚಿತ್ರವನ್ನು ಅಡಿಗಿಟ್ಟು, ಮೇಲೆ ಹೊಸದಾಗಿ ಬಿಡಿಸುತ್ತೇನೆ. ಕಾಂಕ್ರೀಟು ಬೇರೆ, ಬ್ಲಾಕು ಬೇರೆ, ಗಾರೆ ಬೇರೆ. ಮುಗಿದ ಮೇಲೆ ಹಳೆಯದನ್ನು ಅಳಿಸುತ್ತೇನೆ. ಸಜ್ಜಾ 450 ಆಗಲಿ, 600 ಆಗಲಿ, ಸಂಖ್ಯೆ ಬದಲಿಸಿದರೆ ಚಿತ್ರ ಹಿಗ್ಗುತ್ತದೆ. ಗೀರು ಮಾತ್ರ ತುದಿಯಿಂದ 40 ಮಿಲಿಮೀಟರ್ ಒಳಗೆ ಬಿಗಿಯಾಗಿ ಕಟ್ಟಿಹಾಕಿದ್ದೇನೆ. ತುದಿ ಎಲ್ಲಿಗೆ ಹೋದರೂ ಜೊತೆಗೆ ಹೋಗಬೇಕು. ದಿನಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಆಗುವುದಿಲ್ಲ. ಯಾವುದಾದರೂ ಗೆರೆ ಯಾಕಿದೆ ಎಂದು ತಿಳಿಯದಿದ್ದರೆ ಅಪ್ಪನಿಗೆ ಫೋನು. ಅವರಿಗೆ ಕಂಪ್ಯೂಟರ್ ಬರುವುದಿಲ್ಲ. "ಏನು ಬಿಡಿಸಿದ್ದೀಯ, ಬಾಯಲ್ಲಿ ಹೇಳು" ಅನ್ನುತ್ತಾರೆ.

ಬೆಳಿಗ್ಗೆ ಬೇಗ ಬಂದವನು ನಮ್ಮ ಹಳೆಯ ಕಟ್ಟಡದ ಸಜ್ಜಾಗಳ ಕೆಳಗೆಲ್ಲ ಕತ್ತೆತ್ತಿಕೊಂಡು ಓಡಾಡಿದೆ. ನೋಡಿದ ಮಕ್ಕಳು ನಕ್ಕರು. ಐವತ್ತು ವರ್ಷದ ಹಿಂದೆ ಯಾರೋ ಒತ್ತಿದ ಗೀರು ಹಾಗೇ ಇದೆ. ಎಂಟನೇ ತರಗತಿಯ ಎರಡು ಕಿಟಕಿಗಳ ಮೇಲೆ ಮಾತ್ರ ಸುಣ್ಣ ಬಳಿದು ಬಳಿದು ಅದು ಮುಚ್ಚಿಹೋಗಿದೆ. ಮುಖ್ಯೋಪಾಧ್ಯಾಯರೇ, ಏಣಿ ಕೊಡಿಸಿದರೆ ಊಟವಾದ ಮೇಲೆ ನಾನೇ ಕೆರೆದುಕೊಟ್ಟು ಹೋಗುತ್ತೇನೆ.